ಬರಿಗೈಯಲ್ಲಿ ಕಿತ್ತ ಗಿಡ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಮಾಹಿತಿ ತಂತ್ರಜ್ಞಾನ ಕ್ಷೇತ್ರದಲ್ಲಿ ಅವಕಾಶಗಳು’ ಎಂದು ಅಚ್ಚಾಗಿದೆ. ಅದನ್ನು ಒಂದೇ ನಿಮಿಷದಲ್ಲಿ ಮುಗಿಸುತ್ತೇನೆ. ಅವಕಾಶ ಇದೆ, ಲೆಕ್ಕವನ್ನೂ ಇಂಗ್ಲಿಷನ್ನೂ ಬಿಡಬೇಡಿ, ಯಾರಿಗೆ ಏನು ಕೇಳಬೇಕಿದ್ದರೂ ಊಟದ ಹೊತ್ತಿಗೆ ಸಿಗುತ್ತೇನೆ. ಉಳಿದ ಸಮಯದಲ್ಲಿ ಒಂದು ಗಿಡದ ಬಗ್ಗೆ ಮಾತಾಡಲು ಅಪ್ಪಣೆ ಕೊಡಬೇಕು.

ವಿಷಯ ಬದಲಾಯಿಸಿದ್ದಕ್ಕೆ ಕಾರಣ ಒಂದು ಫೋಟೊ. ಹೋದ ವಾರ ನಮ್ಮ ಬ್ಯಾಚಿನ ವಾಟ್ಸ್ಯಾಪ್ ಗುಂಪಿಗೆ ಅದು ಬಂತು. ಈ ಸಮಾರಂಭಕ್ಕಾಗಿ ಮಕ್ಕಳು ಮೈದಾನ ಸ್ವಚ್ಛ ಮಾಡುತ್ತಿದ್ದ ಫೋಟೊ. ಎಂಟನೇ ತರಗತಿಯ ಹುಡುಗಿಯರು ಎದೆಯೆತ್ತರದ ಗಿಡಗಳನ್ನು ಕಿತ್ತು ತಬ್ಬಿಕೊಂಡು ಹೊರುತ್ತಿದ್ದರು. ಗಿಡದ ತುಂಬ ಬಿಳಿ ಹೂ. ಒಬ್ಬರ ಕೈಯಲ್ಲೂ ಗ್ಲೌಸ್ ಇರಲಿಲ್ಲ, ಮೂಗಿಗೆ ಬಟ್ಟೆ ಇರಲಿಲ್ಲ. ಗುಂಪಿನಲ್ಲಿ ಎಲ್ಲರೂ ಹೆಬ್ಬೆರಳು ಎತ್ತಿದ ಚಿತ್ರ ಹಾಕಿದರು. ನಾನೂ ಹಾಕಿದೆ. ಆಮೇಲೆ ಫೋಟೊವನ್ನು ಇನ್ನೊಮ್ಮೆ ನೋಡಿ ಅಳಿಸಿದೆ.

ಅದು ಪಾರ್ಥೇನಿಯಂ. ನಮ್ಮೂರಿನ ಮಾತಿನಲ್ಲಿ ಕಾಂಗ್ರೆಸ್ ಗಿಡ. ವೇದಿಕೆಯ ಮೇಲೆ ಎಲ್ಲ ಪಕ್ಷದವರೂ ಇದ್ದೀರಿ, ಹೆಸರು ನಾನಿಟ್ಟಿದ್ದಲ್ಲ, ದಯವಿಟ್ಟು ತಪ್ಪು ತಿಳಿಯಬಾರದು. ಹೂ ಬಿಳಿ ಟೋಪಿಯ ಹಾಗೆ ಕಾಣುವುದರಿಂದ ಆ ಹೆಸರು ಬಂತು ಎನ್ನುವವರಿದ್ದಾರೆ. ಅಮೆರಿಕದಿಂದ ಬಂದ ಪಿ.ಎಲ್. 480 ಗೋಧಿಯ ಜೊತೆ ಬೀಜ ಬಂತು, ಅಲ್ಲಿನ ಸಂಸತ್ತಿಗೂ ಕಾಂಗ್ರೆಸ್ ಎಂದೇ ಹೆಸರು, ಹಾಗಾಗಿ ಎನ್ನುವವರೂ ಇದ್ದಾರೆ. ಆದರೆ ಪುಣೆಯಲ್ಲಿ ಈ ಗಿಡವನ್ನು ಗುರುತಿಸಿದ್ದು 1955ರಲ್ಲಿ. ಭಾರತ ಪಿ.ಎಲ್. 480 ಒಪ್ಪಂದಕ್ಕೆ ಸಹಿ ಹಾಕಿದ್ದು 1956ರಲ್ಲಿ. ಆಮದು ಗೋಧಿ ಇದನ್ನು ಹರಡಿರಬಹುದು, ಮೊದಲು ತಂದದ್ದೂ ಅದೇ ಎನ್ನುವ ಕತೆಗೆ ತಾರೀಖು ಹೊಂದುವುದಿಲ್ಲ. ಇದರ ತವರು ಮೆಕ್ಸಿಕೊ ಕೊಲ್ಲಿಯ ಸುತ್ತಲಿನ ನಾಡು ಎಂಬುದರಲ್ಲಿ ಮಾತ್ರ ಸಂಶಯವಿಲ್ಲ.

ನಮ್ಮ ಕಾಲದಲ್ಲೂ ಶ್ರಮದಾನ ಇತ್ತು. ಆಗಸ್ಟ್ 15ಕ್ಕೆ ಮುಂಚಿನ ಶನಿವಾರ ಬೆಳಗ್ಗೆ ಪ್ರಾರ್ಥನೆ ಮುಗಿಯುತ್ತಲೇ ಧ್ವಜಕಂಬದಿಂದ ಕೊಳವೆಬಾವಿಯವರೆಗೆ ತರಗತಿಗೊಂದು ಪಟ್ಟೆ ಹಂಚುತ್ತಿದ್ದರು. ಹೆಚ್ಚು ಕಿತ್ತ ತರಗತಿಗೆ ಪೆಪ್ಪರಮೆಂಟು. ಕಿತ್ತು ಕಿತ್ತು ಅಂಗೈ ಹಸಿರಾಗುತ್ತಿತ್ತು. ಸರಿಯಾಗಿ ಕೈ ತೊಳೆಯದೆ ಬುತ್ತಿ ಬಿಚ್ಚಿದರೆ ಮುದ್ದೆಯೂ ಕಹಿ. ರಾಶಿ ಹಾಕಿದ ಗಿಡವನ್ನು ಕಾಂಪೌಂಡಿನ ಆಚೆ ರಸ್ತೆ ಬದಿಗೆ ಎಸೆದು, ಕುಣಿದಾಡಿ ಬರುತ್ತಿದ್ದೆವು. ಮರುವರ್ಷ ಅದೇ ಜಾಗದಲ್ಲಿ ಇನ್ನೂ ದಟ್ಟವಾಗಿ ಬರುತ್ತಿತ್ತು. ಏಕೆಂದು ಆಗ ಯಾರೂ ಯೋಚಿಸಲಿಲ್ಲ.

ಕಾರಣ ಸರಳ. ಮುಂಗಾರಿನ ಮೊದಲ ಮಳೆಗೆ ಮೊಳೆತ ಗಿಡ ಒಂದು ಒಂದೂವರೆ ತಿಂಗಳಿಗೆಲ್ಲ ಹೂ ಬಿಡುತ್ತದೆ. ಆಗಸ್ಟ್ 15ರ ಹೊತ್ತಿಗೆ ಬೀಜವೂ ಕಟ್ಟಿರುತ್ತದೆ. ಒಂದು ಗಿಡದಲ್ಲಿ 15ರಿಂದ 25 ಸಾವಿರ ಬೀಜ. ನಾವು ಅದನ್ನು ಕಿತ್ತು, ಒದರಿ, ಎಳೆದಾಡಿಕೊಂಡು ಹೋಗುವಾಗ ಮೈದಾನದ ಉದ್ದಕ್ಕೂ ಬಿತ್ತನೆ ಮಾಡುತ್ತಿದ್ದೆವು. ರಾಗಿ ಬಿತ್ತುವಾಗ ನಮ್ಮಪ್ಪ ಕೂಡ ಅಷ್ಟು ಒತ್ತಾಗಿ ಬಿತ್ತಿರಲಿಕ್ಕಿಲ್ಲ.

ನಮ್ಮ ಪಿ.ಟಿ. ಮೇಷ್ಟ್ರನ್ನು ದೂರಲು ಈ ಮಾತು ಹೇಳುತ್ತಿಲ್ಲ. ಅವರೂ ನಮ್ಮ ಜೊತೆ ಬಗ್ಗಿ ಬರಿಗೈಯಲ್ಲೇ ಕೀಳುತ್ತಿದ್ದರು.

ಈಗ ಅಪ್ಪನ ವಿಷಯ. ಇದನ್ನು ಹೇಳಲು ಅವರಿಂದ ಒಪ್ಪಿಗೆ ಪಡೆದೇ ಬಂದಿದ್ದೇನೆ.

ನಮ್ಮ ಹೊಲ ಹೆದ್ದಾರಿಯ ಪಕ್ಕದಲ್ಲಿದೆ ಎಂದು ಇಲ್ಲಿ ಬಹಳ ಜನಕ್ಕೆ ಗೊತ್ತು. ಆ ರಸ್ತೆಯನ್ನು ನಾಲ್ಕು ಪಥ ಮಾಡುವಾಗ ಎಲ್ಲಿಂದಲೋ ಮಣ್ಣು, ಮರಳು, ಜಲ್ಲಿ ತಂದು ಸುರಿದರು. ಮಗುಚಿದ ಬರಿಮಣ್ಣೆಂದರೆ ಈ ಗಿಡಕ್ಕೆ ಹಬ್ಬ. ಬೀಜ ಹಗುರ, ಲಾರಿಯ ಚಕ್ರಕ್ಕೆ ಅಂಟಿಕೊಂಡು, ಮರಳಿನಲ್ಲಿ ಬೆರೆತು, ಮಳೆನೀರಿನಲ್ಲಿ ತೇಲಿ ಬರುತ್ತದೆ. ಎರಡೇ ಮಳೆಗಾಲದಲ್ಲಿ ರಸ್ತೆ ಬದಿಯಿಂದ ನಮ್ಮ ಬದುವಿಗೆ, ಬದುವಿನಿಂದ ಕಡಲೆಕಾಯಿ ಸಾಲಿಗೆ ಇಳಿಯಿತು. ‘ಸ್ಕೂಲಲ್ಲಿ ಕೀಳ್ತೀಯಲ್ಲೋ, ನಮ್ಮ ಹೊಲದಲ್ಲೂ ಒಂದಿಷ್ಟು ಕೀಳು ಬಾ’ ಎಂದು ಅಪ್ಪ ಕರೆಯುತ್ತಿದ್ದರು. ನಾನು ಹ್ಞೂಂ ಎಂದು ಬ್ಯಾಟು ತೆಗೆದುಕೊಂಡು ಕೆರೆ ಅಂಗಳಕ್ಕೆ ಓಡುತ್ತಿದ್ದೆ. ಅಪ್ಪ ಒಬ್ಬರೇ ಕೀಳುತ್ತಿದ್ದರು, ವರ್ಷಗಟ್ಟಲೆ.

2006ರಲ್ಲಿ ಶುರುವಾಯಿತು. ಮೊದಲು ಕಣ್ಣಿನ ರೆಪ್ಪೆ ಊದಿ ತುರಿಕೆ. ಆಮೇಲೆ ಕತ್ತು, ಕಿವಿಯ ಹಿಂದೆ, ಮೊಣಕೈಯ ಮಡಿಕೆ. ಚರ್ಮ ಕಪ್ಪಾಗಿ, ದಪ್ಪವಾಗಿ, ಸೀಳು ಬಿಟ್ಟು ನೀರು ಸೋರುತ್ತಿತ್ತು. ಬಿಸಿಲಿಗೆ ಹೋದರೆ ಮುಖಕ್ಕೆ ಮೆಣಸಿನಪುಡಿ ಎರಚಿದಂತೆ ಉರಿ ಎನ್ನುತ್ತಿದ್ದರು. ಚಳಿಗಾಲ ಕಳೆದು ಬೇಸಿಗೆ ಬಂದಾಗ ಸ್ವಲ್ಪ ಇಳಿಯುತ್ತಿತ್ತು, ಮಳೆ ಬಿದ್ದ ಮೇಲೆ ಮತ್ತೆ. ಒಬ್ಬ ಡಾಕ್ಟರ ಹತ್ತಿರ ಇಂಜೆಕ್ಷನ್ ತೆಗೆದುಕೊಂಡರೆ ಹದಿನೈದು ದಿನ ಆರಾಮ, ಹದಿನಾರನೇ ದಿನ ಮೊದಲಿನಂತೆ. ಯಾರೋ ಸರ್ಪದೋಷ ಎಂದರು. ನಾಗಲಮಡಿಕೆಗೆ ಹೋಗಿ ಹರಕೆ ತೀರಿಸಿ ಬಂದೆವು. ಇನ್ಯಾರೋ ಅದಕ್ಕಿಂತ ಕೆಟ್ಟ ರೋಗದ ಹೆಸರು ಹೇಳಿದರು.

ಆಮೇಲೆ ಊರು ಸಣ್ಣದಾಗಿ ದೂರ ಸರಿಯಿತು. ಕಟಿಂಗ್ ಶಾಪಿನಲ್ಲಿ ‘ನಾಳೆ ಬಾ ಯಜಮಾನ’ ಎನ್ನುವುದು ಶುರುವಾಯಿತು. ಹೋಟೆಲಿನಲ್ಲಿ ಎಲ್ಲರಿಗೂ ಗಾಜಿನ ಲೋಟ, ಅಪ್ಪನಿಗೆ ಪ್ಲಾಸ್ಟಿಕ್ ಲೋಟ. ಯಾರ ಮೇಲೂ ನನಗೆ ಕೋಪವಿಲ್ಲ, ಕೋಪಿಸಿಕೊಳ್ಳಲು ನನಗೆ ಮುಖವೂ ಇಲ್ಲ. ಆಗ ನಾನು ಬಿ.ಇ. ಓದುತ್ತಿದ್ದೆ, ವಿಜ್ಞಾನ ಓದಿದವನು. ರಜೆಗೆ ಮನೆಗೆ ಬಂದಾಗ ನನ್ನ ಟವೆಲನ್ನು ಬೇರೆ ಗೂಟಕ್ಕೆ ಹಾಕಿಕೊಳ್ಳುತ್ತಿದ್ದೆ. ಅಪ್ಪ ಅದನ್ನು ನೋಡಿದ್ದರು. ಏನೂ ಕೇಳಲಿಲ್ಲ. ತಮ್ಮ ಟವೆಲನ್ನೇ ತೆಗೆದುಕೊಂಡು ಹೋಗಿ ದನದ ಕೊಟ್ಟಿಗೆಯಲ್ಲಿ ಒಣಗಿಸತೊಡಗಿದರು.

2009ರಲ್ಲಿ ಬೆಂಗಳೂರಿನ ಒಂದು ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚರ್ಮದ ಡಾಕ್ಟರು ಅಪ್ಪನ ಮುಖ ನೋಡಿದ ಕೂಡಲೇ ಕೇಳಿದ್ದು ಒಂದೇ ಪ್ರಶ್ನೆ. ‘ಹೊಲದ ಹತ್ತಿರ ಕಾಂಗ್ರೆಸ್ ಗಿಡ ಇದೆಯಾ?’ ಅಪ್ಪ, ‘ಯಾರ ಹೊಲದಲ್ಲಿಲ್ಲ ಸ್ವಾಮಿ’ ಎಂದರು. ಖಚಿತ ಮಾಡಿಕೊಳ್ಳಲು ಬೆನ್ನಿಗೆ ಸಣ್ಣ ಸಣ್ಣ ಪಟ್ಟಿ ಅಂಟಿಸಿದರು. ಒಂದೊಂದರಲ್ಲೂ ಒಂದೊಂದು ವಸ್ತುವಿನ ಚೂರು ಅಂಶ. ಎರಡು ದಿನ ಬೆನ್ನು ನೆನೆಯಬಾರದು. ಅಪ್ಪ ನನ್ನ ಹಾಸ್ಟೆಲ್ ರೂಮಿನಲ್ಲಿ ನೆಲದ ಮೇಲೆ ಬೋರಲು ಮಲಗಿ ಎರಡು ರಾತ್ರಿ ಕಳೆದರು. ಮೂರನೇ ದಿನ ಪಟ್ಟಿ ಬಿಚ್ಚಿದಾಗ ಪಾರ್ಥೇನಿಯಂ ಇಟ್ಟಿದ್ದ ಜಾಗ ಕೆಂಪಗೆ ಉಬ್ಬಿ ಗುಳ್ಳೆ ಎದ್ದಿತ್ತು. ಡಾಕ್ಟರು ನನ್ನನ್ನು ಕರೆದು ಅದನ್ನು ತೋರಿಸಿ, ‘ಇದು ಅಂಟುರೋಗ ಅಲ್ಲ. ಇವರನ್ನು ಮುಟ್ಟಿದರೆ ಯಾರಿಗೂ ಏನೂ ಆಗಲ್ಲ’ ಎಂದರು. ನಾನು ಟವೆಲಿನ ವಿಷಯ ಹೇಳಿರಲೇ ಇಲ್ಲ.

ಆಗ ನನಗೆ ತಿಳಿದದ್ದನ್ನು ಮಕ್ಕಳಿಗೆ ಹೇಳುತ್ತೇನೆ. ಈ ಗಿಡದ ಎಲೆ, ಕಾಂಡ, ಹೂಗಳ ಮೇಲಿನ ಸಣ್ಣ ರೋಮಗಳಲ್ಲಿ ಪಾರ್ಥೇನಿನ್ ಎಂಬ ವಿಷವಸ್ತು ಇದೆ. ಇವತ್ತು ಮುಟ್ಟಿ ನಾಳೆ ಏನೂ ಆಗದಿದ್ದರೆ ‘ನನಗೆ ಆಗಲ್ಲ’ ಎಂದುಕೊಳ್ಳಬೇಡಿ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಮುಟ್ಟುತ್ತಾ ಇರುವಾಗ ಮೈ ಒಳಗೊಳಗೇ ಅದನ್ನು ಶತ್ರು ಎಂದು ಗುರುತಿಟ್ಟುಕೊಳ್ಳುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ, ಯಾರಿಗೆ ಆಗುತ್ತದೆಂದು ಮೊದಲೇ ಹೇಳಲೂ ಆಗುವುದಿಲ್ಲ. ಒಮ್ಮೆ ಆಯಿತೆಂದರೆ ಅದು ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ. ಆಮೇಲೆ ಗಿಡ ಮುಟ್ಟಲೇಬೇಕೆಂದಿಲ್ಲ, ಒಣಗಿ ಪುಡಿಯಾದದ್ದು ಗಾಳಿಯಲ್ಲಿ ಬಂದು ಮುಖದ ಮೇಲೆ ಕುಳಿತರೂ ಸಾಕು. ಅದಕ್ಕೇ ಒಣಗಿದ ರಾಶಿಗೆ ಬೆಂಕಿ ಹಚ್ಚುವುದೂ ಬೇಡ. ಕೆಲವರಿಗೆ ಇದರ ಪರಾಗದಿಂದ ಸೀನು, ಮೂಗು ಸೋರುವುದು, ಉಬ್ಬಸ ಕೂಡ ಬರುತ್ತದೆ.

ಅಪ್ಪನಿಗೆ ಮುಲಾಮು, ಬಹಳ ತಿಂಗಳು ಮಾತ್ರೆ, ಮಾತ್ರೆ ಇರುವಷ್ಟು ದಿನ ಆಗಾಗ ರಕ್ತಪರೀಕ್ಷೆ. ಅದಕ್ಕಿಂತ ಕಷ್ಟದ ಔಷಧಿ ಎಂದರೆ ಹೊಲದಿಂದ ದೂರ ಇರುವುದು. ರೈತನಿಗೆ ಹೊಲಕ್ಕೆ ಹೋಗಬೇಡ ಎಂದರೆ ಏನು ಉಳಿಯಿತು? ಹೊಲವನ್ನು ವಾರಕ್ಕೆ ಕೊಟ್ಟೆವು. ಪಾರ್ಥೇನಿಯಂ ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬಕ್ಕೇ ಸೇರಿದ ಗಿಡ. ಅಪ್ಪನಿಗೆ ಈಗ ಸೇವಂತಿಗೆಯೂ ಆಗುವುದಿಲ್ಲ. ಮನೆ ಮುಂದೆ ಅಮ್ಮ ಬೆಳೆದಿದ್ದ ನಾಲ್ಕು ಸಾಲು ಸೇವಂತಿಗೆಯನ್ನು ಅವರೇ ಕಿತ್ತು ಹಾಕಿದರು. ನನ್ನ ಮದುವೆಯಲ್ಲಿ ಬೀಗರು ತಂದ ಹಾರವನ್ನು ಅಪ್ಪನ ಕೊರಳಿಗೆ ಹಾಕಲು ಬಿಡಲಿಲ್ಲ. ಅವರು ಬೇಸರ ಮಾಡಿಕೊಂಡರು, ಆ ಗಡಿಬಿಡಿಯಲ್ಲಿ ಕಾರಣ ಹೇಳುವುದಕ್ಕೂ ಆಗಲಿಲ್ಲ.

ದನಕರುಗಳ ವಿಷಯಕ್ಕೆ ಬರುತ್ತೇನೆ. 2003ರ ಬರಗಾಲ ಇಲ್ಲಿರುವ ಹಿರಿಯರಿಗೆ ನೆನಪಿದ್ದೇ ಇರುತ್ತದೆ. ಮೇವಿರಲಿಲ್ಲ. ಸಾಮಾನ್ಯವಾಗಿ ಮೂಸಿ ಬಿಡುವ ಹಸು, ಆ ವರ್ಷ ಹಸಿರು ಕಂಡದ್ದನ್ನೆಲ್ಲ ತಿಂದಿತು. ಒಂದು ಬೆಳಗ್ಗೆ ಅಮ್ಮ ಕೊಟ್ಟ ಕಾಫಿ ಬಾಯಿಗಿಡಲಾಗದಷ್ಟು ಕಹಿ. ಡಿಕಾಕ್ಷನ್ ಹೆಚ್ಚಾಯಿತೆಂದು ನಾನು ಜಗಳ ತೆಗೆದೆ. ಕಹಿ ಇದ್ದದ್ದು ಹಾಲಿನಲ್ಲಿ. ಹಸು ತಿಂದ ಪಾರ್ಥೇನಿನ್ ಹಾಲಿಗೂ ಇಳಿಯುತ್ತದೆ. ಮೇವಿನಲ್ಲಿ ಈ ಗಿಡ ಶೇಕಡಾ 10ರಿಂದ 50ರಷ್ಟು ಬೆರೆತರೆ ದನ, ಎಮ್ಮೆ ಸಾಯಲೂಬಹುದು ಎಂದು ತಿನ್ನಿಸಿ ನೋಡಿದ ಪ್ರಯೋಗಗಳಿಂದ ಗೊತ್ತಾಗಿದೆ. ನಮ್ಮ ಹಸು ಬದುಕಿತು. ಆದರೆ ಅದರ ಕತ್ತಿನ ಕೆಳಗೆ, ಕೆಚ್ಚಲ ಮೇಲೆ ಕೂದಲು ಉದುರಿ ಗಾಯವಾಗಿತ್ತು.

ಉಳಿದ ಗಿಡಗಳ ಗತಿಯನ್ನು ಅಮ್ಮನಿಂದ ಕೇಳಬೇಕು. ಹಿಂದೆ ಬದುವಿನ ಮೇಲೆ ಒಂದು ಸುತ್ತು ಹಾಕಿ ಬಂದರೆ ಮಡಿಲ ತುಂಬ ಬೆರಕೆ ಸೊಪ್ಪು ಸಿಗುತ್ತಿತ್ತು, ಒಂದು ಹೊತ್ತಿನ ಬಸ್ಸಾರಿಗೆ ಅಂಗಡಿಗೆ ಹೋಗಬೇಕಿರಲಿಲ್ಲ. ಸಂಕ್ರಾಂತಿಗೆ ಅಣ್ಣೆ ಹೂ, ತುಂಬೆ ಹೂ, ಆವರಿಕೆ ಹೂ ಹುಡುಕಬೇಕಿರಲಿಲ್ಲ. ಪಾರ್ಥೇನಿಯಂ ಬೇರಿನಿಂದಲೂ ಕೊಳೆತ ಎಲೆಯಿಂದಲೂ ಮಣ್ಣಿಗೆ ಇಳಿಯುವ ರಸ, ಬೇರೆ ಬೀಜಗಳು ಮೊಳೆಯದಂತೆ ಮಾಡುತ್ತದೆ. ಇದರ ಪರಾಗ ಹಾರಿ ಟೊಮೆಟೊ, ಬದನೆ, ಮೆಣಸಿನಕಾಯಿಯ ಹೂವಿನ ಮೇಲೆ ಕುಳಿತರೆ ಅಲ್ಲಿ ಕಾಯಿ ಕಚ್ಚುವುದೂ ಕಡಿಮೆಯಾಗುತ್ತದೆ. ಔಷಧಿ ಹೊಡೆದರೂ ಹೂ ಉದುರುತ್ತೆ ಎಂದು ಗೋಳಾಡುವ ನಮ್ಮ ಟೊಮೆಟೊ ಬೆಳೆಗಾರರು ಒಮ್ಮೆ ತೋಟದ ಸುತ್ತಲಿನ ಬೇಲಿಯ ಕಡೆಗೂ ನೋಡಬೇಕು.

ಸರಕಾರಕ್ಕೆ ಇದು ಗೊತ್ತಿರಲಿಲ್ಲವೆ? ಗೊತ್ತಿತ್ತು. ಕೃಷಿ ಪೀಡೆ ಮತ್ತು ರೋಗಗಳ 1968ರ ಕಾಯಿದೆಯಡಿ ಕರ್ನಾಟಕ ಸರಕಾರ ಪಾರ್ಥೇನಿಯಮ್ಮನ್ನು ಹಾನಿಕಾರಕ ಕಳೆ ಎಂದು ಘೋಷಿಸಿದ್ದು 1975ರಲ್ಲಿ. ಅಂದರೆ ಈ ಶಾಲೆ ಶುರುವಾದ ವರ್ಷವೇ. ಆ ಘೋಷಣೆಗೂ ಇದು ಸುವರ್ಣ ಮಹೋತ್ಸವ. ಶಾಲೆ ಬೆಳೆದಿದೆ, ಗಿಡವೂ ಬೆಳೆದಿದೆ. ಕಾಗದದ ಮೇಲೆ ಜಮೀನಿನವನು ಕಿತ್ತು ಹಾಕಬೇಕು. ರಸ್ತೆ ಬದಿ, ಕೆರೆ ಅಂಗಳ, ಸರಕಾರಿ ಕಚೇರಿಯ ಹಿತ್ತಲು ಯಾರ ಜಮೀನು ಎಂಬಲ್ಲಿಗೆ ಮಾತು ನಿಂತುಬಿಡುತ್ತದೆ.

ವಿಜ್ಞಾನಿಗಳು ಕೈಕಟ್ಟಿ ಕುಳಿತಿಲ್ಲ. ಮೆಕ್ಸಿಕೊದಿಂದ ಒಂದು ಜೀರುಂಡೆಯನ್ನು ತರಿಸಿ, ಬೇರೆ ಬೆಳೆ ತಿನ್ನುವುದಿಲ್ಲವೇ ಎಂದು ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಹೆಸರು ಜೈಗೊಗ್ರಾಮ. ಉಗುರಿನಷ್ಟೂ ಇಲ್ಲ, ಕೆನೆ ಬಣ್ಣದ ಬೆನ್ನಿನ ಮೇಲೆ ಕಂದು ಗೆರೆಗಳು. ಮರಿಹುಳುವೂ ದೊಡ್ಡದೂ ಎರಡೂ ಈ ಗಿಡದ ಎಲೆ ತಿನ್ನುತ್ತವೆ. ಕೆಲವು ವರ್ಷಗಳ ನಂತರ ಸೂರ್ಯಕಾಂತಿ ಎಲೆಯ ಮೇಲೂ ಕಂಡಿತೆಂದು ದೊಡ್ಡ ಗಲಾಟೆಯಾಯಿತು. ಕೇಂದ್ರ ಸರಕಾರ ಸಮಿತಿ ಮಾಡಿ ವಿಚಾರಿಸಿ, ಆ ಬೆಳೆಗೆ ಇದರಿಂದ ಅಪಾಯವಿಲ್ಲ ಎಂಬ ತೀರ್ಮಾನಕ್ಕೆ ಬಂತು. ಬೇಸಿಗೆಯಲ್ಲಿ ಮಣ್ಣಿನೊಳಗೆ ಮಲಗಿ, ಮಳೆ ಬಿದ್ದ ಮೇಲೆ ಎದ್ದು ಬರುತ್ತದೆ. ತೊಂದರೆಯೂ ಅಲ್ಲೇ ಇದೆ, ಇದರ ಸಂಖ್ಯೆ ಹೆಚ್ಚುವ ಹೊತ್ತಿಗೆ ಗಿಡ ಎಷ್ಟೋ ಕಡೆ ಹೂ ಬಿಟ್ಟಾಗಿರುತ್ತದೆ. ಮಕ್ಕಳೇ, ಮಳೆಗಾಲದಲ್ಲಿ ಹುಡುಕಿ, ಸಿಕ್ಕರೆ ಸಾಯಿಸಬೇಡಿ. ನಿಮ್ಮ ವಿಜ್ಞಾನದ ಮೇಡಂಗೆ ತೋರಿಸಿ.

ಇನ್ನೊಂದು ದಾರಿಯನ್ನು ಪ್ರಚಾರ ಮಾಡಿದವರು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ, ಭತ್ತದ ತಳಿ ವಿಜ್ಞಾನಿ ಡಾ. ಎಂ. ಮಹದೇವಪ್ಪನವರು. ಖಾಲಿ ಮಾಡಿದ ಜಾಗವನ್ನು ಖಾಲಿ ಬಿಟ್ಟರೆ ಇದು ಮತ್ತೆ ಬರುತ್ತದೆ, ಅಲ್ಲಿ ತಗಚೆಯ ಜಾತಿಯ ಗಿಡಗಳನ್ನು ಎಬ್ಬಿಸಿ, ಅವು ಇದನ್ನು ಅದುಮುತ್ತವೆ ಎಂದು ಅವರು ಹೇಳುತ್ತಾ ಬಂದರು. ನನ್ನ ಕೆಲಸದಲ್ಲೂ ಇಂಥದ್ದೇ ಒಂದು ಅನುಭವವಿದೆ. ಗ್ರಾಹಕರಿಗೆ ಕಂಡ ತಪ್ಪನ್ನಷ್ಟೇ ರಾತ್ರೋರಾತ್ರಿ ಮುಚ್ಚಿ ಮಲಗಿದರೆ, ಮುಂದಿನ ತಿಂಗಳು ಅದೇ ತಪ್ಪು ಇನ್ನೊಂದು ಕಡೆ ಎದ್ದು ನನ್ನನ್ನು ಎಬ್ಬಿಸುತ್ತದೆ.

ಉಪ್ಪುನೀರಿನ ಬಗ್ಗೆ ಕೇಳುತ್ತೀರಿ. ಐದು ಲೀಟರಿಗೆ ಒಂದು ಕೆಜಿ ಅಡುಗೆ ಉಪ್ಪು ಕರಗಿಸಿ ಬಿಸಿಲಲ್ಲಿ ಹೊಡೆದರೆ ಗಿಡ ಸುಡುವುದು ನಿಜ. ಆದರೆ ಉಪ್ಪು ಮಣ್ಣಿನಲ್ಲೇ ಉಳಿಯುತ್ತದೆ. ನಮ್ಮ ಮೈದಾನದ ಬೇವಿನ ಮರಗಳ ಬುಡಕ್ಕೆ ಅದನ್ನು ಹೊಡೆಯುವುದು ನನಗೆ ಒಪ್ಪಿಗೆಯಿಲ್ಲ.

ಆದ್ದರಿಂದ ಮುಖ್ಯೋಪಾಧ್ಯಾಯರಲ್ಲಿ, ಎಸ್‌ಡಿಎಂಸಿಯವರಲ್ಲಿ ನನ್ನ ಬೇಡಿಕೆ ಇಷ್ಟು. ಶ್ರಮದಾನ ನಿಲ್ಲಿಸಬೇಡಿ, ಅದರ ತಾರೀಖು ಬದಲಾಯಿಸಿ. ಆಗಸ್ಟ್ ಬೇಡ. ಜೂನ್ ಕೊನೆಯಲ್ಲಿ, ಗಿಡ ಗೇಣುದ್ದ ಇರುವಾಗ, ಇನ್ನೂ ನೆಲಕ್ಕೆ ಹರಡಿದ ಎಲೆಯ ಚಕ್ರದಂತೆ ಇರುವಾಗ, ನೆಲ ನೆನೆದಿರುವ ದಿನ ಬೇರು ಸಮೇತ ಎಬ್ಬಿಸಿ. ಜುಲೈನಲ್ಲಿ ಇನ್ನೊಮ್ಮೆ, ಏಕೆಂದರೆ ಎರಡನೇ ಮಳೆಗೆ ಎರಡನೇ ಬೆಳೆ ಬರುತ್ತದೆ. ಹೂ ಬರುವ ಮುಂಚೆ ಕಿತ್ತದ್ದು ಒಳ್ಳೆಯ ಕಾಂಪೋಸ್ಟ್ ಆಗುತ್ತದೆ, ರಸ್ತೆಗೆ ಎಸೆಯಬೇಕಾಗಿಲ್ಲ. ಕೀಳುವವರಿಗೆ ಕೈಗೆ ಗ್ಲೌಸ್, ತುಂಬುತೋಳಿನ ಅಂಗಿ, ಮೂಗಿಗೆ ಬಟ್ಟೆ, ಆಮೇಲೆ ಸೋಪು. ಚರ್ಮದ ತೊಂದರೆ, ಉಬ್ಬಸ ಇರುವ ಮಕ್ಕಳು ಆ ದಿನ ತರಗತಿಯಲ್ಲೇ ಇರಲಿ, ಅವರನ್ನು ಮೈಗಳ್ಳರು ಎನ್ನಬೇಡಿ. ಹೂ ಬಿಟ್ಟ ಗಿಡಕ್ಕೆ ಮಕ್ಕಳನ್ನು ಹಚ್ಚಲೇಬೇಡಿ.

ನಮ್ಮ ಬ್ಯಾಚಿನಿಂದ ಗೇಟಿಗೆ ಸ್ವಾಗತ ಕಮಾನು ಕಟ್ಟಿಸುವ ಮಾತು ನಡೆದಿದೆ. ಕಮಾನಿಗೆ ನನ್ನ ವಿರೋಧವಿಲ್ಲ, ನಮ್ಮ ಹೆಸರು ಕಲ್ಲಿನ ಮೇಲೆ ಬರುವುದು ನನಗೂ ಇಷ್ಟವೇ. ನನ್ನ ಪಾಲಿನ ಹಣವನ್ನು ಮಾತ್ರ ಬೇರೆ ಕಡೆಗೆ ಹಾಕಲು ಗೆಳೆಯರು ಒಪ್ಪಿದ್ದಾರೆ. ನೂರು ಜೊತೆ ಗ್ಲೌಸ್, ಇಪ್ಪತ್ತು ಕಳೆ ಕುಡುಗೋಲು, ಕೈತೊಳೆಯಲು ಸಾಲು ನಲ್ಲಿ. ಗ್ಲೌಸು ಇವತ್ತೇ ತಂದಿದ್ದೇನೆ, ಪಿ.ಟಿ. ರೂಮಿನಲ್ಲಿ ಇಟ್ಟಿದೆ. ತಗಚೆ ಬೀಜ ಊರಲ್ಲೇ ಸಿಗುತ್ತದೆ. ಈ ಸುಗ್ಗಿಯಲ್ಲಿ ಒಣಗಿದ ಕಾಯಿ ಕಂಡರೆ ಮಕ್ಕಳು ಒಂದೊಂದು ಹಿಡಿ ಕೂಡಿಡಿ. ಜೂನ್ ಶ್ರಮದಾನಕ್ಕೆ ರಜೆ ಹಾಕಿ ನಾನೂ ಬರುತ್ತೇನೆ. ಕೆರೆ ಅಂಗಳಕ್ಕೆ ಓಡಿಹೋಗುವುದಿಲ್ಲ.

ಕೊನೆಯದಾಗಿ ಸಂಘಟಕರಿಗೆ ಒಂದು ಮಾತು. ಸಂಜೆ ಮೊದಲ ತಂಡದ ವಿದ್ಯಾರ್ಥಿಗಳಿಗೆ ಸನ್ಮಾನ ಇಟ್ಟುಕೊಂಡಿದ್ದೀರಿ. 1975ರಲ್ಲಿ ಎಂಟನೇ ತರಗತಿಗೆ ಸೇರಿದ ಆ ತಂಡದಲ್ಲಿ ನಮ್ಮಪ್ಪನೂ ಒಬ್ಬರು. ಈ ಬಿಸಿಲಿಗೆ ಬರಲಾಗದು, ಹೊತ್ತು ಮುಳುಗಿದ ಮೇಲೆ ಬರುತ್ತಾರೆ. ಹೂವಿನ ಬುಟ್ಟಿ ನೋಡಿದೆ, ಎಲ್ಲ ಸೇವಂತಿಗೆ ಹಾರ. ಅವರೊಬ್ಬರಿಗೆ ಮಲ್ಲಿಗೆಯದು ತರಿಸಿ. ಅದು ಸಿಗದಿದ್ದರೆ ಬರೀ ಶಾಲು ಸಾಕು.